ಭಾನುವಾರ ಮನೆಯಲ್ಲೇ ಇರಿ

ಪದಕದ ಸೂಜಿ ಒಳಕ್ಕೆ ಹೋಗುತ್ತಿಲ್ಲ, ಬಟ್ಟೆ ದಪ್ಪ, ಈ ಬಿಸಿಲಿನಲ್ಲೂ ಉಣ್ಣೆಯ ಕೋಟು ತೊಟ್ಟು ಬಂದಿದ್ದಾನೆ ಮುದುಕ ಝೆನೊನ್, ಮದುವೆಯದೇ ಇರಬೇಕು, ನುಸಿಗುಳಿಗೆಯ ವಾಸನೆ — ಐವತ್ತು ವರ್ಷ ಒಟ್ಟಿಗೆ ಬಾಳಿದ ದಂಪತಿಗೆ ರಾಷ್ಟ್ರಾಧ್ಯಕ್ಷರ ಪದಕ, ತೊಡಿಸುವವನು ಊರಿನ ಮೇಯರ್, ಭಾನುವಾರದವರೆಗಾದರೂ ಮೇಯರ್ ಅವನೇ, ಬೊಗುಮಿಲ್, ಕೊರಳಲ್ಲಿ ಮೇಯರ್ ಪದವಿಯ ಸರಪಳಿ, ಹದ್ದಿನ ಲಾಂಛನದ್ದು, ಎಷ್ಟು ಭಾರ ಇದು, ಇಷ್ಟು ವರ್ಷದಲ್ಲಿ ಒಂದು ದಿನವೂ ಹಗುರಾಗಲಿಲ್ಲ. ಗೋಡೆಯ ಮೇಲೆ ಹಳೆಯ ಮೇಯರುಗಳ ಸಾಲು, ಗಡ್ಡದವರು, ಮೀಸೆಯವರು, ಕೋಟೆ ಕಟ್ಟಿಸಿದವರು, ಮುತ್ತಿಗೆ ತಾಳಿಕೊಂಡವರು, ಇವನು ಏನು ಮಾಡಿದ, ಪುರಭವನದ ಮುಂದಿನ ಚೌಕದಲ್ಲಿ ನೆರಳು ಕೊಡುತ್ತಿದ್ದ, ಜೇನಿನ ಹೂ ಬಿಡುತ್ತಿದ್ದ ಲಿಪಾ ಮರಗಳನ್ನು ಕಡಿಸಿ ಗ್ರಾನೈಟ್ ಹಾಸಿಸಿದ, ನಕ್ಷೆಯಲ್ಲಿ ಎಷ್ಟು ಚೆನ್ನಾಗಿ ಕಂಡಿತ್ತು, ಹಳೆಯ ಕಾಲದ ಚೌಕದಂತೆ ವಿಶಾಲ, ಕೌನ್ಸಿಲ್ಲಿನವರೆಲ್ಲ ಕೈ ಎತ್ತಿದರು, ಈಗ ಅದೇ ಕೈಗಳು ಜೇಬಿನಲ್ಲಿವೆ — ಚಳಿಗಾಲದಲ್ಲಿ ಗರಗಸ ಬಂತು, ಕಲ್ಲು ಬರುವುದು ತಡವಾಯಿತು, ಜೂನ್ ತಿಂಗಳವರೆಗೂ ಬೊಡ್ಡೆಗಳು ಹಾಗೇ ಇದ್ದವು, ಹೂವಿನ ಕಾಲ ಬಂದಾಗ ಜೇನುಹುಳುಗಳು — ಬೇಡ, ಅದು ಈಗ ಬೇಡ.

ಸೂಜಿ. ಇನ್ನೊಂದು ಕಡೆ ಚುಚ್ಚಿ ನೋಡುತ್ತಾನೆ. ಬಾಗಿಲ ಹತ್ತಿರ ಉಪಮೇಯರ್ ರಾದೊಮಿರ್ ಗಡಿಯಾರ ನೋಡುತ್ತಿದ್ದಾನೆ, ಮರ ಕಡಿಸಿದ ಮೇಯರನ್ನು ಇಳಿಸಬೇಕೋ ಬೇಡವೋ ಎಂದು ಭಾನುವಾರ ಊರು ಮತ ಹಾಕುತ್ತದೆ, ಉಪಾಯ ಹೇಳಿಕೊಟ್ಟವನು ರಾದೊಮಿರನೇ, ನಂಗೆ ಹಾಕಿ ಅಂತ ಕೇಳ್ಬೇಡ ಮಾರಾಯ, ಯಾರೂ ಬರ್ಬೇಡಿ ಅನ್ನು, ಸಾಕಷ್ಟು ಜನ ಬರದಿದ್ರೆ ಮತದಾನಾನೇ ಬಿದ್ದುಹೋಗುತ್ತೆ, ನಿನ್ನ ಪರ ಬಂದೋನೂ ಒಂದು ತಲೆ, ಅದೂ ನಿನ್ನ ಇಳಿಸೋರ ಲೆಕ್ಕಕ್ಕೇ ಸೇರೋದು. ಊರಿನ ಗೋಡೆಗೋಡೆಯ ಮೇಲೂ ಪೋಸ್ಟರು, ಬೊಗುಮಿಲನ ನಗುಮುಖ, ಕೆಳಗೆ, ಭಾನುವಾರ ಮನೆಯಲ್ಲೇ ಇರಿ. ಅಪ್ಪ ಬದುಕಿದ್ದರೆ ಏನನ್ನುತ್ತಿದ್ದ, ಮುಕ್ತವಾಗಿ ಮತ ಹಾಕುವ ದಿನ ಮೊದಲ ಸಲ ಬಂದಾಗ ಟೈ ಕಟ್ಟಿಕೊಂಡು ಹೋಗಿದ್ದ, ಸಾಲಿನಲ್ಲಿ ನಿಂತು ಅಳುತ್ತಿದ್ದ, ಈ ಮಗ ಜನರನ್ನು ಮನೆಯಲ್ಲಿ ಕೂರಿಸುತ್ತಿದ್ದಾನೆ, ನಾಚಿಕೆಯಾಗುತ್ತದೆ, ನಾಚಿಕೊಂಡೂ ಸಾಕಾಗಿದೆ.

ನಾವಂತೂ ಬಂದೇ ಬರ್ತೀವಿ ಸಾಹೇಬ್ರೆ, ಲೆಯೊಕಾಡಿಯಾ ಅನ್ನುತ್ತಿದ್ದಾಳೆ, ಝೆನೊನನ ಹೆಂಡತಿ, ಎದೆಯ ಮೇಲೆ ಆಗಲೇ ಪದಕ, ಆ ಪೋಸ್ಟರು ಯಾರೋ ನಿಮಗಾಗದೋರು ಅಂಟಿಸಿದ್ದು ಅಂತ ನಂಗೆ ಗೊತ್ತು, ನಿಮ್ಮನ್ನ ಇಳಿಸ್ಬಾರ್ದು ಅಂತ್ಲೇ ಹಾಕ್ತೀವಿ, ನಮ್ಮ ಬೀದಿಯೋರನ್ನೆಲ್ಲ ಹೊರಡಿಸ್ಕೊಂಡು ಬರ್ತೀನಿ. ದೇವರೇ, ಇಡೀ ಬೀದಿ. ನೀನು ಹೋಗೇ, ನನ್ನನ್ನ ಎಳೀಬೇಡ, ಮುದುಕ ಗೊಣಗುತ್ತಾನೆ, ಮತ ಹಾಕೋಕೆ ಆ ಚೌಕ ದಾಟೋದ್ರೊಳಗೆ ಹುರಿದುಹೋಗ್ತೀನಿ, ನಿಲ್ಲೋಕೆ ಒಂದು ನೆರಳಿಲ್ಲ, ಐವತ್ತು ವರ್ಷದಿಂದ ಎಳೀತಾನೇ ಇದಾಳೆ ಸಾಹೇಬ್ರೆ, ಮೊದಲನೇ ಸಲ ಎಳೆದಿದ್ದೂ ಅಲ್ಲೇ, ಲಿಪಾ ಕೆಳಗೆ. ಅವಳು ನಗುತ್ತಾಳೆ, ಆಮೇಲೆ ಇವನ ಮುಖ ನೋಡುತ್ತಾಳೆ, ಬರೋದು ಬೇಡ್ವಾ ಹಾಗಾದ್ರೆ, ನೀವೇ ಹೇಳಿ.

ಒಂದೇ ಮಾತು ಸಾಕು, ಹೌದಮ್ಮ, ಬಿಸಿಲು, ಮನೇಲೇ ಇರಿ — ಸುಳ್ಳೂ ಅಲ್ಲ, ಬಿಸಿಲು ಇದೆ, ನೆರಳು ಇಲ್ಲ, ಇವನೇ ಕಡಿಸಿದ ನೆರಳು ಇವನ ಕುರ್ಚಿಯನ್ನು ಉಳಿಸುತ್ತದೆ, ರಾದೊಮಿರ್ ದೂರದಿಂದಲೇ ತಲೆಯಾಡಿಸುತ್ತಿದ್ದಾನೆ, ಹೇಳು, ಹೇಳು, ಸರಪಳಿ ಕತ್ತನ್ನು ಕೆಳಕ್ಕೆ ಎಳೆಯುತ್ತಿದೆ, ಬನ್ನಿ, ಅಂದವನು ಯಾರು, ಇವನೇ, ಎಲ್ಲರನ್ನೂ ಕರ್ಕೊಂಡು ಬನ್ನಿ, ಬೆಳಿಗ್ಗೆ ಬೇಗ ಬನ್ನಿ, ತಂಪಿರುತ್ತೆ — ಸೂಜಿ ಒಳಹೋಯಿತು, ಮುದುಕ ಎದೆ ಮುಂದೆ ಮಾಡಿ ನಿಂತ, ಯಾರೋ ಚಪ್ಪಾಳೆ ತಟ್ಟಿದರು, ಕಿಟಕಿಯಾಚೆ ಬೆಳ್ಳಗೆ ಉರಿಯುವ ಕಲ್ಲು, ಕಲ್ಲಿನ ಕೆಳಗೆ ಆ ಬೊಡ್ಡೆ, ಆ ಸಲದ ಜೂನ್ ತಿಂಗಳು, ಹೂವಿಲ್ಲ, ಕೊಂಬೆಯಿಲ್ಲ, ಆದರೂ ಬಂದಿದ್ದವು ಜೇನುಹುಳುಗಳು, ಕಡಿದ ಬೊಡ್ಡೆಯ ಮೇಲೆ ಕೂತಿದ್ದವು, ಏಳದೆ ಕೂತಿದ್ದವು.