ಕತ್ತಿಯ ಮೂರು ವರಸೆ

ಹತ್ತೊಂಬತ್ತನೆಯ ವರಸೆ ಮುಗಿಸಿದ ಪ್ರೇಮಾ ಬಲಕ್ಕೆ ತಿರುಗಬೇಕಿತ್ತು; ಎಡಕ್ಕೆ ತಿರುಗಿದಳು. ಹುಡುಗಿ ಗಾಬರಿಯಲ್ಲಿ ತಪ್ಪಿದಳೆಂದು ತನ್ನ ಸರದಿ ಮುಗಿಸಿ ಬೆಂಚಿನ ಮೇಲೆ ಕೂತಿದ್ದ ವಿಶಾಲಾಕ್ಷಿ ಮರುಗಿದಳು. ಆದರೆ ಪ್ರೇಮಾ ತಡವರಿಸಲಿಲ್ಲ. ಕತ್ತಿಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ನೀರು ಸವರುವಂತೆ ಒಯ್ದಳು, ಒಂಟಿಕಾಲಲ್ಲಿ ನಿಂತು ತುದಿ ಮೇಲೆತ್ತಿದಳು, ಹಿಂದೆ ಸರಿದು ಮಣಿಕಟ್ಟು ತಿರುವಿದಳು. ಈ ಮೂರು ವರಸೆಗಳನ್ನು ವಿಶಾಲಾಕ್ಷಿ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆದರೆ ಎಡಗೈಯ ಜೋಡಿಸಿದ ಎರಡು ಬೆರಳು ಕಿವಿಯ ಹತ್ತಿರ ಒಂದು ಕ್ಷಣ ತಂಗಿದ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಚನ್ನಬಸಪ್ಪನವರದು. ಅವರು ಇಬ್ಬರಿಗೂ ಗುರು. ಪ್ರೇಮಾಳಿಗೆ ತಂದೆ ಕೂಡ.

ವಿಮಾನ ನಿಲ್ದಾಣ ಬೇಗಂಪೇಟೆಯಿಂದ ಶಂಶಾಬಾದ್‌ಗೆ ಹೋದ ಮರುವರ್ಷ ಅಲ್ಲೊಂದು ವಸತಿ ಶಾಲೆ ಶುರುವಾಗಿತ್ತು. ಮಕ್ಕಳಿಗೆ ತೈ ಚಿ ಎಂಬ ಚೀನೀ ಸಮರಕಲೆ ಕಲಿಸಲು ಒಬ್ಬರು ಬೇಕಿತ್ತು. ಆಯ್ಕೆ ನಡೆದದ್ದು ಉಪ್ಪಲ್‌ನ ಬಾಡಿಗೆ ಸಭಾಂಗಣದಲ್ಲಿ. ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ಚೀಟಿ ಬರೆಯುತ್ತಿದ್ದ ವಿಶಾಲಾಕ್ಷಿಗೆ, ನಲವತ್ತರ ಹೊಸ್ತಿಲಲ್ಲಿ, ಇಷ್ಟಪಟ್ಟ ಕೆಲಸವೊಂದು ಮೊದಲ ಸಲ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಸಂಜೆ ಆಯ್ಕೆಯಾದವಳೆಂದು ಪ್ರೇಮಾಳ ಹೆಸರು ಓದಿದ ಮೇಲೆ, ತೀರ್ಪುಗಾರರಾಗಿದ್ದ ಹಿರಿಯರು ವಿಶಾಲಾಕ್ಷಿಯನ್ನು ಪಕ್ಕಕ್ಕೆ ಕರೆದರು. ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರೂ ಮಾಡಲಿಲ್ಲ ಎಂದು ಹಿಂದಿಯಲ್ಲಿ ಹೇಳಿ, ದನಿ ತಗ್ಗಿಸಿ ಕೇಳಿದರು: "ಲೇಕಿನ್ ತೀನ್ ಛೂಟ್ ಗಯೇ, ಬೆಹೆನ್‌ಜೀ. ಭೂಲ್ ಗಯೀಂ ಕ್ಯಾ?"

ಮೂರು ಬಿಟ್ಟುಹೋದವು, ಮರೆತಿರಾ ಎಂದರೆ ಏನು ಹೇಳುವುದು? ನನ್ನ ಗುರು ಕಲಿಸಲಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ.

"ಹಾಂಜೀ, ಭೂಲ್ ಗಯೀ," ಎಂದಳು.

ಬೇಗಂಪೇಟೆಯ ಬಸ್ಸಿನಲ್ಲಿ ಕೂತಾಗ ಒಂದೊಂದೇ ನೆನಪಾಯಿತು. ಮೂವತ್ತೆರಡು ವರಸೆ ಅಂತೀರಿ, ಎಣಿಸಿದರೆ ಇಪ್ಪತ್ತೊಂಬತ್ತೇ ಬರ್ತಾವಲ್ಲ ಎಂದು ಮೊದಲ ವರ್ಷವೇ ಗುರುಗಳನ್ನು ಕೇಳಿದ್ದಳು. ನಮಸ್ಕಾರ, ನಿಲುವು, ಮುಕ್ತಾಯ ಸೇರಿಸಿ ಎಣಿಸು ಎಂದಿದ್ದರು. ಇನ್ನೊಮ್ಮೆ ಅವಳ ತಮ್ಮ ತೈ ಚಿಯ ಬೇರೆ ಬೇರೆ ಶೈಲಿಗಳ ಸಿ.ಡಿ. ತಂದುಕೊಟ್ಟಾಗ ಅದನ್ನು ಅವರೇ ಇಸಿದುಕೊಂಡಿದ್ದರು. "ಚೆನ್ ಶೈಲಿ ಕಾಲು ಕುಟ್ಟತೈತಿ, ಸಿಡಿಲಿನಂಗ. ನಮ್ಮ ಯಾಂಗ್ ಶೈಲಿ ಹರಿಯೋ ನೀರು. ಎರಡೂ ನೋಡಿದ್ರ ಎರಡೂ ಕೆಡತಾವ, ತಂಗಿ. ಒಂದು ಎಲುಬಿಗೆ ಇಳಿಯೋತನ ಮತ್ತೊಂದರ ಕಡೆ ಕಣ್ಣು ಹಾಯಸಬ್ಯಾಡ." ಅವಳು ಹಾಯಿಸಿರಲಿಲ್ಲ. ಅದನ್ನು ನಿಷ್ಠೆ ಎಂದುಕೊಂಡಿದ್ದಳು.

ರೈಲು ನಿಲ್ದಾಣದ ಹಿಂದಿನ ಓಣಿಯ ಮನೆಯಲ್ಲಿ ಚನ್ನಬಸಪ್ಪನವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಾ ತಂಗಿ. ಪ್ರೇಮಾಗ ಆತಂತ ಫೋನ್ ಬಂತು. ನಿಂದೂ ಭಾಳ ಛಲೋ ಆತಂತಲ್ಲ?"

ಅವಳು ಕೂರಲಿಲ್ಲ. "ಸರ್, ಹತ್ತೊಂಬತ್ತರ ಮುಂದ ಮೂರು ಅದಾವ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಅದಾವ."

"ಬೇಕಂತ ಬಿಟ್ಟಿದ್ರೇನು?"

"ನನ್ನ ಗುರುಗಳೂ ನನಗ ಎಲ್ಲಾ ಕೊಡಲಿಲ್ಲ. ಮನಿಗಂತ ಒಂದಿಷ್ಟು ಉಳಿಸ್ಕೋತಾರ. ಇದು ಮೊದಲಿಂದ ನಡದ ಬಂದದ್ದು."

"ನಿಮಗ ಲಕ್ವಾ ಹೊಡೆದಾಗ ಎಂಟು ತಿಂಗಳು ಪಾರ್ಕಿನ ಕ್ಲಾಸು ನಾ ನಡಸೀನಿ ಸರ್. ಇಪ್ಪತ್ತು ಮಂದಿಗೆ ಕಲಿಸೀನಿ. ಇದೇ ಪೂರ್ತಿ, ಇದೇ ಖರೇ ಅಂತ ಹೇಳೀನಿ. ಪ್ರೇಮಾನೂ ನನ್ನ ಹಿಂದ ನಿಂತು ಇಪ್ಪತ್ತೊಂಬತ್ತೇ ಮಾಡ್ತಿದ್ಲು."

"ಪಾರ್ಕಿನ್ಯಾಗ ಅಷ್ಟೇ ಮಾಡಂತ ನಾನೇ ಹೇಳಿದ್ದೆ."

ಹಿತ್ತಲ ಕಡೆ ಯಾರದೋ ಕುಕ್ಕರ್ ಕೂಗಿತು. ಅದು ನಿಂತ ಮೇಲೆ ಅವರು ಅವಳತ್ತ ನೋಡದೆ ಹೇಳಿದರು: "ನೀ ಅಕಿಗಿಂತ ಛಲೋ ಮಾಡ್ತಿ, ವಿಶಾಲಾಕ್ಷಿ. ಮೊದಲನೇ ವರ್ಷದಾಗೇ ನನಗ ಗೊತ್ತಾಗಿತ್ತು. ಎಲ್ಲಾ ಕೊಟ್ಟಿದ್ರ ನನ್ನ ಮಗಳು ನಿನ್ನ ಮುಂದ ನಿಲ್ಲೂ ಹಂಗಿದ್ದಿಲ್ಲ."

ಈ ಒಂದು ಮಾತಿಗಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳು. ನೀ ಛಲೋ ಮಾಡ್ತಿ ಎಂದು ಅವರು ಎಂದೂ ಅಂದವರಲ್ಲ. ಈಗ ಅದು ಬಂದದ್ದು ಹೀಗೆ.

ಚೀಲದಿಂದ ಕತ್ತಿ ತೆಗೆದು, ಹಿಡಿಕೆಯನ್ನು ಅವರತ್ತ ಮಾಡಿ ಚಾಚಿದಳು. "ಮಾಡಿ ತೋರಸ್ರಿ."

"ಈಗೇನು..."

"ತೋರಸ್ರಿ ಸರ್."

ಅವರು ಎದ್ದರು. ಸ್ಕೂಟರಿಗೂ ನೀರಿನ ಡ್ರಮ್ಮಿಗೂ ನಡುವಿನ ಜಾಗದಲ್ಲಿ ನಿಂತು ಎಡಕ್ಕೆ ತಿರುಗಿದರು. ಕತ್ತಿ ಕೆಳಗಿಳಿದು ನೀರು ಸವರುವಂತೆ ಸಾಗಿತು, ಮೇಲೆದ್ದಿತು, ಹಿಂದೆ ಸರಿಯಿತು. ವಿಶಾಲಾಕ್ಷಿ ಕತ್ತಿಯನ್ನು ನೋಡಲಿಲ್ಲ, ಪಾದಗಳನ್ನು ನೋಡುತ್ತಿದ್ದಳು.

"ಇನ್ನೊಮ್ಮೆ."

ಅವರು ಮತ್ತೆ ಮಾಡಿದರು. ಮೂರನೆಯ ಸಲ, ನಾಲ್ಕನೆಯ ಸಲ. ಒಂಟಿಕಾಲಲ್ಲಿ ನಿಲ್ಲುವಾಗ ಸೋತ ಬಲಗಾಲು ನಡುಗತೊಡಗಿತು. ಅಂಗಿ ಬೆನ್ನಿಗೆ ಅಂಟಿತು. ಸಾಕು ಎಂದು ಅವರೂ ಹೇಳಲಿಲ್ಲ.

ಗೇಟಿನ ಮುಂದೆ ಆಟೋ ನಿಂತಿತು. ಕೈಯಲ್ಲಿ ಮಿಠಾಯಿ ಡಬ್ಬಿ ಹಿಡಿದು ಇಳಿದ ಪ್ರೇಮಾ ಚಿಲಕದ ಮೇಲೆ ಕೈಯಿಟ್ಟವಳು ಅದನ್ನು ತೆಗೆಯಲಿಲ್ಲ.

"ಇನ್ನೊಮ್ಮೆ," ಎಂದಳು ವಿಶಾಲಾಕ್ಷಿ.