ಭಂಡಾರ ಹತ್ತಿದ ಕಂಪ್ಯೂಟರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೈಲಹೊಂಗಲದ ಬಜಾರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮಿಕ್ಸರಿನೊಳಗೆ ನೀರು ಸುರಿದು ತಂದು "ಸುಮ್ಮನ ನಿಂತಬಿಟ್ಟೈತ್ರಿ ರೇಣು ಅಕ್ಕಾರ" ಎನ್ನುವವರ ನಡುವೆ ದಿನವಿಡೀ ಕೂತು ನೋಡಿದರೆ ಅವರಿಗೂ ಗೊತ್ತಾಗುತ್ತದೆ. ಮಿಕ್ಸರು, ಟಿವಿ ರಿಪೇರಿ ಹೊಟ್ಟೆಪಾಡಿಗೆ. ಖುಷಿಗೆ ಹಳೆಯ ಕಂಪ್ಯೂಟರುಗಳು. ಮನೆಯ ಟಿವಿಗೆ ಜೋಡಿಸಿ ಬಳಸುತ್ತಿದ್ದ, ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರ ಇರುವ ಡಬ್ಬಿಗಳು. ರಾಮದುರ್ಗದ ಗೆಳೆಯ ಸಂಜು ಮತ್ತು ನಾನು ಅವಕ್ಕಾಗಿ ಈಗಲೂ ಸಣ್ಣಪುಟ್ಟ ಆಟ ಬರೆಯುತ್ತೇವೆ. ಏನು ಲಾಭ ಎಂದು ಕೇಳುವವರ ಜೊತೆ ನಾನು ಮಾತು ಬೆಳೆಸುವುದಿಲ್ಲ.

ಹೊಸ ಆಟವನ್ನು ಹಚ್ಚಿ ನೋಡಲು ನಿಜವಾದ ಯಂತ್ರವೊಂದು ಬೇಕಾಗಿತ್ತು; ನನ್ನ ಬಳಿ ಇದ್ದವೆಲ್ಲ ಕೆಟ್ಟು ಕೂತಿದ್ದವು. ಉಗರಗೋಳದ ಶಟ್ಟೆಪ್ಪ ಮಾಸ್ತರರ ಮನೆಯಲ್ಲಿ ಒಂದಿದೆ ಎಂದು ಸಂಜು ಪತ್ತೆ ಹಚ್ಚಿದ. ಗಣಿತ ಕಲಿಸುತ್ತಿದ್ದ ಮಾಸ್ತರರು ತೀರಿಕೊಂಡಿದ್ದರು. ನಾನು ಹೋಗಿ ಕೇಳಿದಾಗ ಅವರ ಹೆಂಡತಿ ಸಾವಂತ್ರೆವ್ವ, ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಬಳೆ ಮಾರುವ ಮುದುಕಿ, ಟ್ರಂಕಿನಿಂದ ಅದನ್ನು ತೆಗೆದು ಸುತ್ತಿದ್ದ ಹಳೇ ಇಳಕಲ್ ಸೀರೆಯ ತುಂಡನ್ನು ಬಿಚ್ಚಿದರು.

ಬಗ್ಗಿ ನೋಡಿದೆ. ಕೀಲಿಗಳ ಸಂದಿಯೆಲ್ಲ ಅರಿಸಿನ ಪುಡಿಯ ಹಳದಿ, ಕುಂಕುಮದ ಕೆಂಪು.

"ಪ್ರತಿ ವರ್ಷ ದಸರಾದಾಗ ಖಂಡೆ ಪೂಜಿಗೆ ಭಂಡಾರ, ಕುಂಕುಮ ಏರಸ್ತೇನವಾ," ಎಂದರು ಸಾವಂತ್ರೆವ್ವ. "ಅವರ ಕೈಯಾಗಿನ ಸಾಮಾನು ಅಲ್ಲೇನ? ಕುಡಗೋಲಿಗೆ ಹಚ್ಚಿ ಇದಕ್ಕ ಬಿಡಾಕ ಬರತೈತಿ?"

ಟಿವಿಗೆ ಜೋಡಿಸಿದೆ. ಜೀವ ಇರಲಿಲ್ಲ.

"ಹಚ್ಚಿ ಹಚ್ಚಿ ಇದನ್ನ ಕೊಂದೀರಿ ನೋಡ್ರಿ ಆಯಿ," ಅಂದುಬಿಟ್ಟೆ.

ಸಾವಂತ್ರೆವ್ವ ಸೀರೆಯ ತುಂಡನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಅವರ ಕಡೀ ವರ್ಷ ಇದು ನಡೀಲಿಲ್ಲವಾ. ಅವರು ಮುಂದಿಟ್ಕೊಂಡು ಬರೇ ಒರಸತಿದ್ರು. ಅವರ ಜೀವ ಇತ್ತು ಇದರ ಮ್ಯಾಲೆ. ಹಂಗಾರ ನನ್ನಿಂದನ ಕೆಟ್ಟಿತ್ತೇನ?"

 ಬಿಚ್ಚಿ ನೋಡದೆ ಹೇಳಲಾಗದು ಎಂದೆ.

"ನಾಳೆ ನಿನ್ನ ಅಂಗಡಿಗೆ ಬರತೇನಿ. ನನ್ನ ಮುಂದನ ಬಿಚ್ಚು. ನನ್ನಿಂದ ಆಗಿದ್ರ ನನ್ನಿಂದ ಅಂತನ ಹೇಳು. ಮುಚ್ಚಿಡಬ್ಯಾಡ."

ಸವದತ್ತಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ. ಗಂಡನಿಲ್ಲದ ಮನೆಯಲ್ಲಿ ಒಬ್ಬ ಮುದುಕಿ ಈ ರಾತ್ರಿ ಆ ಮಾತನ್ನು ಹಾಸಿಕೊಂಡು ಮಲಗಬೇಕು. ನಾಳೆ ಬೋರ್ಡಿನ ಮೇಲೆ ಭಂಡಾರ ಕಂಡರೆ ಸುಳ್ಳು ಹೇಳುವುದೆಂದು ನಿಶ್ಚಯಿಸಿದೆ. ಆದರೆ ಸುಳ್ಳು ಹೇಳಿದರೆ ನನ್ನ ಮುಖದಲ್ಲಿ ಎದ್ದು ಕಾಣುತ್ತದೆ, ಅದೂ ನನಗೆ ಗೊತ್ತು.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಸಾವಂತ್ರೆವ್ವ ಬಾಗಿಲಲ್ಲಿ ಕೂತಿದ್ದರು. ಚಹಾ ಬೇಡ ಎಂದರು. ಸ್ಟೂಲಿನ ಮೇಲೆ ಕೂತು ನನ್ನ ಸ್ಕ್ರೂಡ್ರೈವರನ್ನೇ ನೋಡತೊಡಗಿದರು.

ತಿರುಪುಗಳನ್ನು ಬಿಚ್ಚಿ ಕೀಲಿಮಣೆಯನ್ನು ಮೇಲೆತ್ತಿದೆ. ಕೆಳಗೆ ಬೋರ್ಡು ಕಾಣಬೇಕಿತ್ತು. ಕಾಣಲಿಲ್ಲ. ಬೋರ್ಡನ್ನು ಪೂರ್ತಿ ಮುಚ್ಚಿ ಕಪ್ಪು ಹಾಳೆಯೊಂದನ್ನು ಯಾರೋ ಹಾಸಿದ್ದರು. ತಿರುಪು ಬರುವಲ್ಲಿ ಸರಿಯಾಗಿ ದುಂಡಗೆ ಕತ್ತರಿಸಿ, ಅಂಚುಗಳನ್ನು ಮೇಲಕ್ಕೆ ಬಾಗಿಸಿ, ತಾಟಿನ ಹಾಗೆ ಮಾಡಿದ್ದರು. ಅದರ ತುಂಬ ಎಷ್ಟೋ ವರ್ಷಗಳ ಭಂಡಾರ, ಕುಂಕುಮ ಪದರಪದರವಾಗಿ ಕೂತಿತ್ತು. ಹಾಳೆಯನ್ನು ಹುಷಾರಾಗಿ ಎತ್ತಿದೆ. ಕೆಳಗಿನ ಬೋರ್ಡಿನ ಮೇಲೆ ಒಂದು ಚಿಟಿಕೆಯೂ ಬಿದ್ದಿರಲಿಲ್ಲ.

ಪುಡಿಯನ್ನು ಕಾಗದಕ್ಕೆ ಸುರಿದು ಹಾಳೆಯನ್ನು ಬೆಳಕಿಗೆ ಹಿಡಿದೆ. ಅದು ಎಕ್ಸ್‌ರೇ. ಐದು ಬೆರಳು, ಮಣಿಕಟ್ಟಿನಲ್ಲಿ ಬಿರುಕು ಬಿಟ್ಟ ಎಲುಬು.

ಸಾವಂತ್ರೆವ್ವ ಎದ್ದು ಹತ್ತಿರ ಬಂದರು. ತಮ್ಮ ಎಡಗೈಯನ್ನು ಅದರ ಪಕ್ಕ ಹಿಡಿದರು.

"ನಂದ ಇದು. ಗುಡ್ಡದ ಪಾವಟಿಗಿ ಇಳಿಯೂ ಮುಂದ ಬಿದ್ದು ಮುರಕೊಂಡಿದ್ನಿ. ಮುಂದ ಡಾಕ್ಟರು ಕೇಳಿದಾಗ ಮನಿ ಎಲ್ಲಾ ಹುಡಕೀನವಾ. ಇಲಿ ತಿಂದಿರಬೇಕು ಬಿಡು ಅಂದ್ರು ಇವರು. ಬಾಯಿಗೆ ಬಂದಂಗ ಬೈದಿದ್ನಿ."

ಬೈದದ್ದು ನೆನಪಾಗಿ ನಗು ಬಂತು ಅವರಿಗೆ. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು.

"ಹಚ್ಚಬ್ಯಾಡ ಅಂತ ಒಂದು ಮಾತು ಅನಬೇಕಿಲ್ಲೇನ ನನಗ?"

 ನಮ್ಮ ಮನೆಯಲ್ಲಿ ನನ್ನ ಸಾಮಾನಿಗೆ ಯಾರಾದರೂ ಹೀಗೆ ಪುಡಿ ಸುರಿದಿದ್ದರೆ ನಾನು ಕೂಗಾಡಿ ಓಣಿ ಕೂಡಿಸುತ್ತಿದ್ದೆ. ಮಾಸ್ತರರು ಬಾಯಿ ಬಿಡದೆ ಕತ್ತರಿ ಹಿಡಿದು ಕೂತಿದ್ದರು.

ಆದರೆ ಸಾವಂತ್ರೆವ್ವರ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. "ಮತ್ತ ಕೆಟ್ಟಿದ್ದು ಯಾತಕ್ಕ?" ಎಂದು ಕೇಳಿದರು.

ಕರೆಂಟು ಕೊಟ್ಟು ಬೋರ್ಡಿನ ಚಿಪ್ಪುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದೆ. ನಮ್ಮ ಕೆಲಸದಲ್ಲಿ ಮೊದಲ ಪರೀಕ್ಷೆ ಇದೇ, ಕೆಟ್ಟ ಚಿಪ್ಪು ಕೈ ಸುಡುತ್ತದೆ. ಮೆಮೊರಿ ಚಿಪ್ಪುಗಳ ಸಾಲಿನಲ್ಲಿ ಒಂದು ಒಲೆಯ ಮೇಲಿನ ಹಂಚಿನಂತೆ ಕಾದಿತ್ತು. ಸಾವಂತ್ರೆವ್ವರ ಬೆರಳು ಹಿಡಿದು ಅದರ ಮೇಲಿಟ್ಟೆ. ಅವರು ಸರಕ್ಕನೆ ಕೈ ಎಳೆದುಕೊಂಡರು.

"ಇದ ನೋಡ್ರಿ ಕಳ್ಳ. ವಯಸ್ಸಾಗಿ ಸತ್ತೈತಿ. ನಿಮ್ಮ ಭಂಡಾರ ಇಲ್ಲೀತನಾ ಬಂದೇ ಇಲ್ಲ. ನಿನ್ನೆ ನಾ ಅಂದದ್ದು ತಪ್ಪಾತು, ಆಯಿ."

"ಖರೇನ?"

"ನಿಮ್ಮ ಬೆರಳ ಹೇಳ್ತಲ್ಲ."

ಅವರು ಬೆರಳನ್ನು ನೋಡಿಕೊಂಡರು. ಆಮೇಲೆ ಚಹಾ ತರಿಸು ಎಂದರು.

ನನ್ನ ಕೆಟ್ಟ ಯಂತ್ರವೊಂದರಿಂದ ಅಂಥದೇ ಚಿಪ್ಪನ್ನು ಕಿತ್ತು ಇದಕ್ಕೆ ಬೆಸೆದೆ. ಕೀಲಿಗಳ ಸಂದಿಯನ್ನು ಬ್ರಷ್ಷಿನಿಂದ ಕೆದರಿದೆ. ಟಿವಿ ಹಚ್ಚಿದಾಗ ಬಿಳಿಯ ಪರದೆ ಬಂತು, ಮೂಲೆಯಲ್ಲಿ ಸಣ್ಣ ಚೌಕವೊಂದು ಮಿಣಕ್ ಮಿಣಕ್ ಎನ್ನತೊಡಗಿತು. ಸಾವಂತ್ರೆವ್ವ ಆ ಚೌಕವನ್ನು ಗುರುತು ಹಿಡಿದರು. ಮಾಸ್ತರರು ಊಟಕ್ಕೆ ಏಳದೆ ಕೂತಾಗಲೆಲ್ಲ ಅದು ಹೀಗೇ ಮಿಣುಕುತ್ತಿತ್ತಂತೆ.

"ಇಲ್ಲೇ ಇರಲಿ. ನಿನ್ನ ಆಟ ಹಚ್ಚಿ ನೋಡು," ಎಂದರು. "ಖಂಡೆ ಪೂಜಿಗೆ ನಾ ಬರತೇನಿ. ಈ ಸಲ ದೂರದಿಂದ ಕೈ ಮುಗೀತೇನಿ."

ಯಂತ್ರವನ್ನು ಆರಿಸಿದೆ. ಎಕ್ಸ್‌ರೇ ಹಾಳೆಯನ್ನು ಒರೆಸಿ ಮೊದಲಿದ್ದ ಜಾಗದಲ್ಲೇ ಹಾಸಿದೆ, ಕೀಲಿಮಣೆ ಕೂರಿಸಿ ತಿರುಪು ಬಿಗಿದೆ. ಕಾಗದದಲ್ಲಿದ್ದ ಪುಡಿಯನ್ನು ಅವರ ಮುಂದೆ ಹಿಡಿದೆ.

"ಹಚ್ಚರಿ ಆಯಿ," ಎಂದೆ. "ಮಾಸ್ತರು ಎಲ್ಲಾ ವ್ಯವಸ್ಥಾ ಮಾಡಿ ಹೋಗ್ಯಾರ."