ಓಡುವ ಕೈ

ಭಾವ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಹಾಸಿಗೆ ತೋರಿಸುತ್ತಿದ್ದೆ. ಬ್ಯಾಂಡಿನಿಂದ ಹೊರಬಿದ್ದ ಮೇಲೆ ನನಗೆ ಸಿಕ್ಕ ಕೆಲಸ ಇದು. ಮೊದಲು ಡ್ರಮ್ ಬಡಿಯುತ್ತಿದ್ದೆ, ಈಗ ಹಾಸಿಗೆ ಬಡಿದು 'ನೋಡಿ ಸಾರ್, ಎಷ್ಟು ಗಟ್ಟಿ' ಅನ್ನುತ್ತೇನೆ.

"ಏನೋ, ಹೇಗಿದೀಯಾ?" ಅಂದರು ಭಾವ, ನಡುವೆ ಏನೂ ನಡೆದೇ ಇಲ್ಲವೆಂಬಂತೆ. "ಹೋಟೆಲ್‌ನೋರು ವಾರವಿಡೀ ಕಾರ್ಯಕ್ರಮ ಕೊಟ್ಟಿದ್ದಾರೆ. ಆದ್ರೆ ಮಾಮೂಲಿ ಡ್ರಮ್ ಬೇಡವಂತೆ, ಊಟ ಮಾಡೋರಿಗೆ ಪಕ್ಕದೋರ ಮಾತು ಕೇಳಿಸಲ್ವಂತೆ. ಎಲೆಕ್ಟ್ರಾನಿಕ್ಕೇ ಆಗ್ಬೇಕು. ತಗೊಂಡ್ರೆ ಒಳ್ಳೇದೇ ತಗೋಬೇಕು, ನೀನು ಬಂದು ಆರಿಸಿಕೊಡು. ಕೈ ಓಡುತ್ತೆ ಅನ್ನೋದೊಂದು ಬಿಟ್ರೆ ಡ್ರಮ್ ವಿಷಯ ನಿಂಗೆ ಚೆನ್ನಾಗಿ ಗೊತ್ತು."

ನೋಡಿ, ಸಹಾಯ ಕೇಳುವಾಗಲೂ ಚುಚ್ಚದೆ ಬಿಡಲಿಲ್ಲ.

ಕೈ ಓಡುತ್ತೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಡ್ರಮ್ ನುಡಿಸುವವನು ಲಯ ಹಿಡಿದು ಕೂರಬೇಕು, ಅವನೇ ಅವಸರ ಮಾಡಿದರೆ ಹಾಡು ಮುಗಿದಂತೆ. ಭಾವ ಬ್ಯಾಂಡಿನ ಯಜಮಾನರು, ಕೀಬೋರ್ಡ್ ನುಡಿಸುತ್ತಾರೆ. ನನ್ನ ಅಕ್ಕ ಹಾಡುತ್ತಾಳೆ. ಜನ ಚಪ್ಪಾಳೆ ತಟ್ಟಿದರೆ ಸಾಕು, ಭಾವನಿಗೆ ಉಮೇದು ಬಂದು ಬೆರಳುಗಳು ಓಟ ಕೀಳುತ್ತವೆ. ಯಜಮಾನರು ಓಡಿದರೆ ಡ್ರಮ್ಮೂ ಹಿಂದೆ ಓಡಬೇಕು, ಕೂತವರಿಗೆ ಗೊತ್ತಾಗಬಾರದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಮ್ಮ ಬ್ಯಾಂಡಿನ ನಿಯಮ. ನಾನು ವರ್ಷಗಟ್ಟಲೆ ಓಡಿದೆ. ಕೊನೆಗೊಮ್ಮೆ ಒಂದು ಕಂಪನಿಯ ವಾರ್ಷಿಕೋತ್ಸವದಲ್ಲಿ ಹಾಡು ಎಷ್ಟು ವೇಗವಾಯಿತೆಂದರೆ ಅಕ್ಕ ಚರಣದ ನಡುವೆ ಉಸಿರು ಸಿಗದೆ ನಿಂತುಬಿಟ್ಟಳು. ಭಾವ ಮೈಕಿನಲ್ಲೇ, "ಕ್ಷಮಿಸಿ, ನಮ್ಮ ಡ್ರಮ್ಮರ್‌ಗೆ ಬಸ್ ಹಿಡಿಯೋ ಅವಸರ" ಅಂದರು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಮುಂದಿನ ಕಾರ್ಯಕ್ರಮಕ್ಕೆ ನನ್ನ ಜಾಗದಲ್ಲಿ ಅವರ ಅಳಿಯ, ತಂಗಿಯ ಮಗ, ಕೂತಿದ್ದ.

ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂದರೆ ಇದೇ. ಆಮೇಲೆ ಯಾವ ಬ್ಯಾಂಡಿನ ಬಾಗಿಲು ತಟ್ಟಿದರೂ, "ಓ, ಬಸ್ ಹಿಡಿಯೋರು ನೀವೇನಾ?" ಎಂದು ನಕ್ಕು ಕಳಿಸಿದರು. ನನ್ನ ಕೈಯ ಹೆಸರು ಕೆಟ್ಟುಹೋಯಿತು. ಅದನ್ನು ಕೆಡಿಸಿದವರ ಕೈಯಿಂದಲೇ ಅದನ್ನು ವಾಪಸ್ ಕಿತ್ತುಕೊಳ್ಳಬೇಕು, ಅದೂ ನಾಲ್ಕು ಜನರ ಮುಂದೆ, ಎಂದು ಹಾಸಿಗೆ ಬಡಿದಾಗಲೆಲ್ಲ ಅಂದುಕೊಳ್ಳುತ್ತಿದ್ದೆ.

"ಬರ್ತೀನಿ ಭಾವ. ಅಕ್ಕನ್ನೂ ಕರ್ಕೊಂಡು ಬನ್ನಿ, ಅವಳ ದನಿಗೆ ಹೊಂದುತ್ತಾ ನೋಡ್ಬೇಕಲ್ಲ" ಅಂದೆ.

ವಾದ್ಯಗಳ ಅಂಗಡಿಯಲ್ಲಿ ಗಾಜಿನ ಗೋಡೆಯ ಹಿಂದೆ ಮೂರು ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟುಗಳನ್ನು ಜೋಡಿಸಿಟ್ಟಿದ್ದರು. ಭಾವ, ಅಕ್ಕ, ಅಳಿಯ ಮೂವರೂ ಬಂದಿದ್ದರು. ಆರಿಸುವುದರಲ್ಲಿ ನಾನು ಮೋಸ ಮಾಡಲಿಲ್ಲ. ಸೇಡು ಬೇರೆ, ಕಸುಬು ಬೇರೆ. ಮೊದಲನೆಯದರ ಪ್ಯಾಡುಗಳು ರಬ್ಬರಿನವು, ಕೋಲು ಚೆಂಡಿನ ಹಾಗೆ ಪುಟಿದು ಬರುತ್ತಿತ್ತು. ಸಂಜೆಯಿಡೀ ನುಡಿಸಿದರೆ ಮಣಿಕಟ್ಟು ಹೋಗುತ್ತದೆ. ಎರಡನೆಯದರಲ್ಲಿ ಪ್ಯಾಡುಗಳಿಗೆ ಬಲೆಯಂಥ ಹೊದಿಕೆ, ಕೈಗೆ ಹಿತವಾಗಿತ್ತು. ಆದರೆ ಸಿಂಬಲ್ಲನ್ನು, ಅಂದರೆ ತಾಳದ ತಟ್ಟೆಯನ್ನು, ಬೆರಳಲ್ಲಿ ಸವರಿದರೂ ಒಂದೇ ಸದ್ದು, ಬಾರಿಸಿದರೂ ಒಂದೇ ಸದ್ದು. ಮೂರನೆಯದು ರಾಜ. ಕೋಲಿನ ತುದಿಯಿಂದ ಪಿಸುಗುಟ್ಟಿದರೆ ಪಿಸುಗುಟ್ಟಿತು, ಅಂಚಿಗೆ ಹೊಡೆದರೆ ಸಿಡಿಯಿತು. ಮನಸ್ಸು ಕುಣಿದದ್ದು ನಿಜ. ಇಂಥದ್ದರ ಮೇಲೆ ಇನ್ನು ಆ ಅಳಿಯ ಕೂರುತ್ತಾನೆಂದು ನೆನೆದಾಗ ಹೊಟ್ಟೆ ಉರಿದದ್ದೂ ಅಷ್ಟೇ ನಿಜ.

ನಾನು ಕಾದಿದ್ದ ಸಂಗತಿಯೂ ಅದರಲ್ಲೇ ಇತ್ತು. ಹೆಡ್‌ಫೋನಿನಲ್ಲಿ ಗಡಿಯಾರದ ಹಾಗೆ ಕ್ಲಿಕ್ ಕ್ಲಿಕ್ ಎಂದು ಲಯ ಬರುತ್ತಿರುತ್ತದೆ. ಅಂಗೈಯಗಲದ ಪರದೆಯ ನಡುವೆ ಒಂದು ಗೆರೆ. ನಾವು ಹೊಡೆದ ಪ್ರತಿ ಪೆಟ್ಟಿಗೂ ಒಂದು ಚುಕ್ಕಿ ಬೀಳುತ್ತದೆ. ಅವಸರವಾದರೆ ಗೆರೆಯ ಎಡಕ್ಕೆ, ತಡವಾದರೆ ಬಲಕ್ಕೆ.

"ಭಾವ, ನೀವೂ ಒಂದು ಕೈ ನುಡಿಸಿ. ಒಟ್ಟಿಗೆ ಕೇಳದೆ ಇಷ್ಟು ದೊಡ್ಡ ಸಾಮಾನು ತಗೋಬಾರದು" ಎಂದೆ. ಅಂಗಡಿಯವರು ಕೀಬೋರ್ಡ್ ತಂದಿಟ್ಟರು. ಇನ್ನೊಂದು ಹೆಡ್‌ಫೋನ್ ಚಾಚಿ, "ಕ್ಲಿಕ್ ಬರುತ್ತೆ, ಹಾಕ್ಕೊಳ್ಳಿ" ಎಂದೆ.

"ನಂಗ್ಯಾಕೋ ಅದು? ಲಯ ನನ್ನ ರಕ್ತದಲ್ಲೇ ಇದೆ."

ಹೀಗೇ ಅನ್ನುತ್ತಾರೆಂದು ನನಗೆ ಗೊತ್ತಿತ್ತು. ಅಕ್ಕನ ಉಸಿರು ಕಟ್ಟಿಸಿದ್ದ ಅದೇ ಹಾಡನ್ನು ಶುರುಮಾಡಿದೆ, ಅಕ್ಕ ದನಿಗೂಡಿಸಿದಳು.

ಪಲ್ಲವಿ ಚೆನ್ನಾಗಿಯೇ ಸಾಗಿತು. ಗಿಟಾರ್ ಕೊಳ್ಳಲು ಬಂದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು, ಯಾರೋ ಚಪ್ಪಾಳೆ ತಟ್ಟಿದರು. ಭಾವನ ಕಣ್ಣು ಅರಳಿತು, ಬೆರಳುಗಳು ಹೊರಟವು. ನನ್ನ ಕಾಲು ಅಭ್ಯಾಸಬಲದಿಂದ ಹಿಂದೆಯೇ ಹೊರಟಿತು. ಹಲ್ಲು ಕಚ್ಚಿ ಹಿಡಿದೆ. ಕ್ಲಿಕ್ ಬಿಟ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ಚರಣಕ್ಕೆ ಬರುವಷ್ಟರಲ್ಲಿ ಕೀಬೋರ್ಡ್ ಎಲ್ಲೋ ಮುಂದೆ, ಡ್ರಮ್ ಇಲ್ಲಿ, ಅಕ್ಕ ನಡುವೆ ತಬ್ಬಿಬ್ಬು. ಅವಳು ಹಾಡು ನಿಲ್ಲಿಸಿದಳು.

"ಏನೋ ಇದು!" ಭಾವ ಕೂಗಿದರು. "ಮೊದಲು ಓಡ್ತಿದ್ದೆ, ಈಗ ಎಳೀತೀಯಾ?"

"ಪರದೆ ನೋಡಿ ಭಾವ."

ಅಂಗಡಿಯವರು ಬಗ್ಗಿ ನೋಡಿ, "ಎಲ್ಲಾ ಗೆರೆ ಮೇಲೇ ಇದೆ ಸಾರ್. ಇವರು ಓಡಿಯೂ ಇಲ್ಲ, ಎಳೆದೂ ಇಲ್ಲ" ಅಂದರು.

"ಹಾಗಾದ್ರೆ ಮೆಷಿನ್ನೇ ಕೆಟ್ಟಿರ್ಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕ್ಲಿಕ್ಕನ್ನು ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿಸಿ, "ಈಗ ನೀವೊಬ್ರೇ ನುಡಿಸಿ" ಎಂದೆ. ಅಷ್ಟು ಜನರ ಮುಂದೆ ಒಲ್ಲೆ ಅನ್ನಲು ಅವರಿಗೆ ಆಗಲಿಲ್ಲ. ಪಲ್ಲವಿ ಮುಗಿಯುವ ಮೊದಲೇ ಭಾವ ಒಂದು ದಾರಿ, ಕ್ಲಿಕ್ ಒಂದು ದಾರಿ. ಗಿಟಾರಿನವರು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಅವರತ್ತ ತಿರುಗಿ ದೊಡ್ಡ ದನಿಯಲ್ಲಿ, "ಕ್ಷಮಿಸಿ, ನಮ್ಮ ಭಾವನಿಗೆ ಬಸ್ ಹಿಡಿಯೋ ಅವಸರ" ಎಂದೆ. ಎಲ್ಲರೂ ನಕ್ಕರು. ಭಾವ ಇಂಗು ತಿಂದ ಮಂಗನ ಹಾಗೆ ಕೀಬೋರ್ಡನ್ನೇ ನೋಡುತ್ತ ನಿಂತರು. ಆಹಾ, ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಸುಳ್ಳೇಕೆ ಹೇಳಲಿ?

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಅಳಿಯ, ನನ್ನನ್ನು ಸಮಾಧಾನ ಮಾಡುವವನಂತೆ ಹತ್ತಿರ ಬಂದು, "ಬಿಡಿ, ಮಾವ ಓಡೋದು ನಂಗೂ ಗೊತ್ತಿರೋದೇ. ನಾನು ಸೇರಿದ ದಿನವೇ ಅತ್ತೆ ಹೇಳಿಬಿಟ್ಟಿದ್ರು. ಅವರು ಓಡ್ತಾರೆ, ನೀನೂ ಹಿಂದೇನೇ ಓಡು, ಬೈದ್ರೆ ಸುಮ್ನೆ ಬೈಸ್ಕೋ ಅಂತ" ಅಂದ.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಕೈಚೀಲದ ಜಿಪ್ಪನ್ನು ಎಳೆಯುತ್ತ, ಮತ್ತೆ ಹಾಕುತ್ತ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಹಾಡೋಳು ನಾನು ಕಣೋ. ಉಸಿರು ಸಿಗದೆ ಒದ್ದಾಡ್ತಿದ್ದವಳು ನಾನು. ಯಾರು ಓಡ್ತಾರೆ ಅಂತ ನಂಗೆ ಗೊತ್ತಾಗಲ್ವಾ?" ಅವಳ ದನಿ ಬಹಳ ಸಣ್ಣಗಿತ್ತು. "ಮೊದಲಿಂದ್ಲೂ ಗೊತ್ತಿತ್ತು."

"ಅವತ್ತು ಮೈಕಲ್ಲಿ ನನ್ನ ಮಾನ ಕಳೆದಾಗ ಒಂದು ಮಾತು ಆಡಲಿಲ್ವಲ್ಲೇ."

"ಆಡಿದ್ರೆ ರಾತ್ರಿ ಅವರ ಜೊತೆ ಮನೆಗೆ ಹೋಗ್ಬೇಕಾಗಿದ್ದವಳು ನಾನು, ನೀನಲ್ಲ. ನಿಂಗೆ ಬೇರೆ ಬ್ಯಾಂಡ್ ಸಿಗುತ್ತೆ ಅಂದ್ಕೊಂಡೆ. ನಂಗೆ ಬೇರೆ ಮನೆ ಎಲ್ಲಿತ್ತು?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅಕ್ಕನ ಮೇಲೆ ಬಂದಷ್ಟು ಸಿಟ್ಟು ಭಾವನ ಮೇಲೆ ಯಾವತ್ತೂ ಬಂದಿರಲಿಲ್ಲ. ಭಾವನಿಗೆ ತಾನು ಓಡುವುದು ನಿಜವಾಗಿಯೂ ತಿಳಿಯದು, ಅದು ಈಗಷ್ಟೇ ಕಣ್ಣಾರೆ ಕಂಡಿತ್ತು. ತಿಳಿದೂ ನನ್ನನ್ನು ಮುಳುಗಲು ಬಿಟ್ಟವಳು ಒಡಹುಟ್ಟಿದವಳು. ಇಷ್ಟು ಕಾಲ ನಾನು ಸೇಡು ಕಟ್ಟಿಟ್ಟಿದ್ದು ತಪ್ಪು ಮನುಷ್ಯನ ಹೆಸರಿಗೆ.

ಅಂಗಡಿಯವರು ಕೆಮ್ಮಿ, "ಹಾಗಾದ್ರೆ ಯಾವುದು ಸಾರ್?" ಎಂದರು. ಭಾವ ತಲೆಯೆತ್ತದೆ ನನ್ನ ಕಡೆ ಕೈ ಮಾಡಿದರು.

"ಮೂರನೇದೇ" ಎಂದೆ. "ಇದರಲ್ಲಿ ಕ್ಲಿಕ್ಕನ್ನ ಬೇರೆಯವರ ಕಿವಿಗೂ ಕಳಿಸಬಹುದಲ್ವಾ? ಹಾಡೋರ ಕಿವಿಗೆ ಹೋಗೋ ಹಾಗೆ ಜೋಡಿಸಿಕೊಡಿ. ಇಯರ್‌ಫೋನ್ ಕೊಡಿ, ಈಗಲೇ ನೋಡಿಬಿಡೋಣ."

"ನಂಗ್ಯಾಕೋ? ಬೇಡ ಕಣೋ" ಅಂದಳು ಅಕ್ಕ. ಅವಳಿಗೆ ಅರ್ಥವಾಗಿತ್ತು.

"ಇರಲಿ ಅಕ್ಕ. ಭಾವ ಎಷ್ಟೆಷ್ಟು ಓಡ್ತಾರೆ ಅಂತ ಒಂದೊಂದು ಹಾಡಲ್ಲೂ ಸರಿಯಾಗಿ ಕೇಳಿಸ್ಕೋ. ಆಮೇಲೆ ಸುಮ್ನಿರು. ಅದು ನಿಂಗೆ ಅಭ್ಯಾಸ ಇದೆಯಲ್ಲ."

"ಹಾಕ್ಕೊಳ್ಳೇ, ಹೊತ್ತಾಗುತ್ತೆ" ಎಂದು ಭಾವ ಗದರಿದರು.

ಅಕ್ಕ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಅಂಗಡಿಯವರು ಕ್ಲಿಕ್ ಹಾಕಿ, "ಕೇಳಿಸ್ತಾ ಇದೆಯಾ ಮೇಡಂ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇನ್ನೂ ಸ್ವಲ್ಪ ಜೋರು ಮಾಡಿ" ಎಂದೆ ನಾನು.